ಚೊಂಬು ಕಂಡವರು, ಬೊಂಬೆ ಕೂಡಿಟ್ಟವರು

1955ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಒಂದು ಸಂತೆ ನೆರೆಯಿತು. ಕೊಳ್ಳುವವರಿಲ್ಲ, ಮಾರುವವರಿಲ್ಲ, ಸರಕು ಮಾತ್ರ ಭರ್ತಿ. ಐವತ್ತು ಅಡಿ ಉದ್ದದ ನೀರಿನ ಕೊಳ, ಅದರ ಮೇಲೆ ಸೂರಿನಿಂದ ಇಳಿಬಿಟ್ಟ ಸೀರೆಗಳು, ಸುತ್ತ ಚಿನ್ನದ ಬಣ್ಣದ ಕಂಬಗಳು, ಎಲ್ಲವನ್ನೂ ಇಮ್ಮಡಿ ಮಾಡಿ ತೋರಿಸುವ ಕನ್ನಡಿಯ ಗೋಡೆ. ಭಾರತದ ನೇಯ್ಗೆ, ಆಭರಣ, ಕಸೂತಿಗಳನ್ನೆಲ್ಲ ಒಟ್ಟು ಸೇರಿಸಿದ ಆ ಪ್ರದರ್ಶನದ ಹೆಸರು ‘ಟೆಕ್ಸ್‌ಟೈಲ್ಸ್ ಅಂಡ್ ಆರ್ನಮೆಂಟಲ್ ಆರ್ಟ್ಸ್ ಆಫ್ ಇಂಡಿಯಾ’. ಅಮೆರಿಕದ ಮನೆಗಳೆಲ್ಲ ಬೂದು, ಕಂದು, ಕೆನೆಬಣ್ಣಗಳಲ್ಲಿ ಸಭ್ಯವಾಗಿ ಕೂತಿದ್ದ ಕಾಲವದು. ಅಲ್ಲಿಗೆ ಈ ಬಣ್ಣದ ಸಂತೆಯನ್ನು ನುಗ್ಗಿಸಿದ ವಿನ್ಯಾಸಕ ಅಲೆಕ್ಸಾಂಡರ್ ಗಿರಾರ್ಡ್.

ಪ್ರದರ್ಶನದ ಜೊತೆಜೊತೆಗೆ ನಡೆದ ಕಾರ್ಯಕ್ರಮಗಳ ಪಟ್ಟಿಯನ್ನು ಇವತ್ತು ಓದಿದರೆ ಒಂದು ಕ್ಷಣ ನಂಬಿಕೆ ಬರುವುದಿಲ್ಲ. ಅಲಿ ಅಕ್ಬರ್ ಖಾನರ ಸರೋದ್, ಚತುರ್‌ಲಾಲ್ ಅವರ ತಬಲಾ. ಮಂಗಳೂರಿನಲ್ಲಿ ಹುಟ್ಟಿ ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಶಾಂತಾ ರಾವ್ ಅವರ ನೃತ್ಯ. ಸಾಲದ್ದಕ್ಕೆ, ಮೇ 3ರಂದು ಅಲ್ಲಿಯವರೆಗೆ ಯಾರೂ ಹೆಸರು ಕೇಳಿರದ ಬಂಗಾಳಿ ನಿರ್ದೇಶಕನೊಬ್ಬನ ಮೊದಲ ಚಿತ್ರ. ಪ್ರದರ್ಶನದ ಹೊಣೆ ಹೊತ್ತಿದ್ದ ಮನ್ರೋ ವೀಲರ್ ಅದರ ಹಿಂದಿನ ವರ್ಷ ಕಲ್ಕತ್ತೆಗೆ ಬಂದಿದ್ದಾಗ ಆ ಸಿನಿಮಾದ ಕೆಲವು ಸ್ಥಿರಚಿತ್ರಗಳನ್ನು ನೋಡಿ, ಮುಗಿದರೆ ನಮ್ಮಲ್ಲೇ ತೋರಿಸಿ ಎಂದಿದ್ದರು. ಆ ನಿರ್ದೇಶಕ ಸತ್ಯಜಿತ್ ರಾಯ್, ಚಿತ್ರ ‘ಪಥೇರ್ ಪಾಂಚಾಲಿ’. ಕಲ್ಕತ್ತೆಯ ಟಾಕೀಸುಗಳಿಗೆ ಅದು ಬಂದದ್ದು ಆಮೇಲೆ, ಆಗಸ್ಟ್‌ನಲ್ಲಿ. ಬಟ್ಟೆಯ ಪ್ರದರ್ಶನವೊಂದು ಇಷ್ಟೆಲ್ಲಕ್ಕೆ ನೆಪವಾಯಿತು.

ಯಾರು ಈ ಗಿರಾರ್ಡ್?

1907ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಇಟಲಿಯ ಫ್ಲಾರೆನ್ಸ್‌ನಲ್ಲಿ ಬೆಳೆದವನು. ಕ್ರಿಸ್‌ಮಸ್ ಬಂತೆಂದರೆ ಆ ಊರಿನ ಮನೆಮನೆಯಲ್ಲೂ ಯೇಸುವಿನ ಜನನದ ದೃಶ್ಯವನ್ನು ಪುಟ್ಟ ಬೊಂಬೆಗಳಲ್ಲಿ ಜೋಡಿಸುತ್ತಾರೆ. ಹುಡುಗನಿಗೆ ಹುಚ್ಚು ಹಿಡಿದದ್ದು ಅಲ್ಲೇ. ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ ಹಾಕಿದಾಗ ಅವನು ಮಾಡಿದ ಕೆಲಸ ಇನ್ನೂ ಸ್ವಾರಸ್ಯದ್ದು. ‘ಫೈಫ್ ಗಣರಾಜ್ಯ’ ಎಂಬ ಇಲ್ಲದ ದೇಶವೊಂದನ್ನು ಕಟ್ಟಿ, ಅದಕ್ಕೆ ನಕಾಶೆ ಬರೆದ, ಬಾವುಟ ಹೊಲಿದ, ಅಂಚೆಚೀಟಿ, ನಾಣ್ಯ, ಗುಪ್ತ ಲಿಪಿ ಎಲ್ಲ ಹೊಂದಿಸಿದ. ಮುಂದೆ ಲಂಡನ್ನಿನಲ್ಲಿ ವಾಸ್ತುಶಿಲ್ಪ ಓದಿದರೂ, ಅವನು ಬದುಕಿನುದ್ದಕ್ಕೂ ಮಾಡಿದ್ದು ಈ ಕೆಲಸವನ್ನೇ ಎನ್ನಬಹುದು. ಒಂದು ಹೋಟೆಲ್ ಕೊಟ್ಟರೆ ಅದಕ್ಕೊಂದು ದೇಶದಷ್ಟು ಚಿಹ್ನೆಗಳನ್ನು ಹುಟ್ಟಿಸಿಬಿಡುತ್ತಿದ್ದ.

ಉತ್ಪ್ರೇಕ್ಷೆಯಲ್ಲ. 1960ರಲ್ಲಿ ನ್ಯೂಯಾರ್ಕಿನ ಟೈಮ್-ಲೈಫ್ ಕಟ್ಟಡದಲ್ಲಿ ತೆರೆದ ‘ಲಾ ಫೋಂಡಾ ಡೆಲ್ ಸೋಲ್’ ಎಂಬ ಲ್ಯಾಟಿನ್ ಅಮೆರಿಕನ್ ಊಟದ ಹೋಟೆಲಿಗೆ ಸೂರ್ಯನೇ ಲಾಂಛನ. ಗಿರಾರ್ಡ್ ಒಂದು ಸೂರ್ಯನಿಗೆ ತೃಪ್ತನಾಗಲಿಲ್ಲ. ಮೆನು ಕಾರ್ಡಿಗೊಂದು, ಬೆಂಕಿಪೊಟ್ಟಣಕ್ಕೊಂದು, ತಟ್ಟೆಗೊಂದು, ಗೋಡೆಯ ಹಂಚಿಗೊಂದು ಎಂದು ನಗುವ, ಮುನಿಯುವ, ಮೀಸೆ ಹೊತ್ತ ಸೂರ್ಯರನ್ನು ಡಜನ್ನುಗಟ್ಟಲೆ ಬರೆದ. ಐದು ವರ್ಷದ ನಂತರ ಬ್ರಾನಿಫ್ ವಿಮಾನ ಕಂಪನಿ ಕರೆದಾಗ ಇಡೀ ವಿಮಾನಕ್ಕೇ ಬಣ್ಣ ಬಳಿಸಿದ. ಒಂದು ಕಿತ್ತಳೆ, ಇನ್ನೊಂದು ತಿಳಿನೀಲಿ, ಮತ್ತೊಂದು ನಿಂಬೆಹಳದಿ. ಒಳಗಿನ ಸೀಟಿನ ಬಟ್ಟೆಯಿಂದ ಸಕ್ಕರೆಯ ಪೊಟ್ಟಣದವರೆಗೆ ಅವನದೇ ಕೈ.

ಅವನ ಹೊಟ್ಟೆಪಾಡಿನ ಕೆಲಸ ಬಟ್ಟೆ. ಮಿಷಿಗನ್‌ನ ಪೀಠೋಪಕರಣ ಕಂಪನಿ ಹರ್ಮನ್ ಮಿಲ್ಲರ್‌ನ ಜವಳಿ ವಿಭಾಗವನ್ನು 1952ರಿಂದ ಎರಡು ದಶಕ ನಡೆಸಿ, ಮುನ್ನೂರಕ್ಕೂ ಹೆಚ್ಚು ವಿನ್ಯಾಸಗಳನ್ನು ಕೊಟ್ಟ. ಅಪ್ಪಟ, ಗಾಢ ಬಣ್ಣ ಕಂಡರೆ ಆಗಿನ ಅಮೆರಿಕನ್ನರು ಮೂರ್ಛೆ ಹೋಗುತ್ತಿದ್ದರು ಎಂದು ಆಮೇಲೆ ಅವನು ತಮಾಷೆ ಮಾಡಿದ್ದುಂಟು. ಕಡುಗುಲಾಬಿಯ ಪಕ್ಕಕ್ಕೆ ಕಿತ್ತಳೆ ಇಟ್ಟದ್ದು ಅಲ್ಲಿ ಕ್ರಾಂತಿ ಎನಿಸಿತು. ಚಿಕ್ಕಪೇಟೆಯ ಸೀರೆ ಅಂಗಡಿಯ ಸೇಲ್ಸ್‌ಮನ್ನು ಅದೇ ಜೋಡಿಯನ್ನು ದಿನಕ್ಕೆ ಹತ್ತು ಸಲ ಬಿಚ್ಚಿ ಹರಡುತ್ತಾನೆ, ಯಾರೂ ಮೂರ್ಛೆ ಹೋದ ಸುದ್ದಿಯಿಲ್ಲ.

ಆ ಬಣ್ಣಗಳನ್ನು ಅವನು ಎಲ್ಲಿಂದ ತಂದ ಎಂಬುದು ಮುಖ್ಯ. ಮದುವೆಯಾದ ಹೊಸತರಲ್ಲಿ ಹೆಂಡತಿ ಸೂಸನ್ ಜೊತೆ ಮೆಕ್ಸಿಕೊಗೆ ಹೋದವನು ಸಂತೆಗಳಲ್ಲಿ ಮಣ್ಣಿನ ಬೊಂಬೆ, ತಗಡಿನ ಹೂವು, ಕಾಗದದ ಅಸ್ಥಿಪಂಜರಗಳನ್ನು ಕೊಳ್ಳತೊಡಗಿದ. ಕೊಳ್ಳುವುದು ನಿಲ್ಲಲೇ ಇಲ್ಲ. ಪೆರು, ಬೊಲಿವಿಯಾ, ಪೋಲೆಂಡ್, ಭಾರತ, ಹೀಗೆ ನೂರಕ್ಕೂ ಹೆಚ್ಚು ದೇಶಗಳ ಸರಕು ಕೈ ಸೇರಿತು. ಯಾವುದೂ ರಾಜರ ಖಜಾನೆಯದಲ್ಲ. ಜಾತ್ರೆಯಲ್ಲಿ ಚಿಲ್ಲರೆ ಕಾಸಿಗೆ ಸಿಕ್ಕುವ ಆಟಿಕೆ, ಹರಕೆಯ ತಗಡು, ಹಬ್ಬ ಮುಗಿದ ಮೇಲೆ ಎಸೆಯುವ ಮುಖವಾಡ. ಇಂಥದ್ದನ್ನು ಕೂಡಿಟ್ಟರೆ ಸಾಮಾನ್ಯವಾಗಿ ಮನೆಯವರು ಬೈಯುತ್ತಾರೆ. ಇಲ್ಲಿ ಸೂಸನ್ ಅವರೂ ಸಮಸಮಕ್ಕೆ ನಿಂತರು.

1953ರಲ್ಲಿ ಗಂಡಹೆಂಡಿರು ನ್ಯೂ ಮೆಕ್ಸಿಕೊದ ಸಾಂಟಾ ಫೆಗೆ ಬಂದು ಹಳೆಯ ಮಣ್ಣಿಟ್ಟಿಗೆಯ ಮನೆಯೊಂದನ್ನು ತಿದ್ದಿ ನೆಲೆಯಾದರು. ಅದೇ ವರ್ಷ ಅದೇ ಊರಿನಲ್ಲಿ ಜಾನಪದ ಕಲೆಗೆಂದೇ ಒಂದು ವಸ್ತುಸಂಗ್ರಹಾಲಯ ತೆರೆದದ್ದು ಕಾಕತಾಳೀಯವಿರಬಹುದು. 1978ರಲ್ಲಿ ಗಿರಾರ್ಡ್ ದಂಪತಿ ತಮ್ಮ ಸಂಗ್ರಹವನ್ನೆಲ್ಲ ಅದಕ್ಕೆ ಕೊಟ್ಟುಬಿಟ್ಟರು. ಎಣಿಸಿದಾಗ ಒಂದು ಲಕ್ಷ ದಾಟಿತ್ತು. 1982ರಲ್ಲಿ ತೆರೆದ ಹೊಸ ವಿಭಾಗದಲ್ಲಿ ಅದರಲ್ಲಿ ಹತ್ತು ಸಾವಿರದಷ್ಟನ್ನು ಗಿರಾರ್ಡ್ ತಾನೇ ನಿಂತು ಜೋಡಿಸಿದ.

ಮೈಸೂರು ಸೀಮೆಯಲ್ಲಿ ದಸರೆಗೆ ಬೊಂಬೆ ಕೂರಿಸಿ ಬೆಳೆದವರು ಅಲ್ಲಿಗೆ ಕಾಲಿಟ್ಟರೆ ಅಪರಿಚಿತ ಎನಿಸುವುದೇ ಇಲ್ಲ. ಪಟ್ಟದ ಬೊಂಬೆಯ ಕೆಳಗೆ ದಿನಸಿ ಅಂಗಡಿಯ ಶೆಟ್ಟರು, ರಾಗಿ ಮೊಳಕೆಯ ಪಾರ್ಕು, ಅದರ ನಡುವೆ ಪ್ಲಾಸ್ಟಿಕ್ ಜಿರಾಫೆ, ಯಾರದೋ ಮನೆಯ ಮದುವೆ ದಿಬ್ಬಣ. ನಮ್ಮ ಅಜ್ಜಿಯಂದಿರು ಅಳತೆ, ಕಾಲ, ದೇಶ ಯಾವುದರ ಹಂಗೂ ಇಲ್ಲದೆ ಕಟ್ಟುತ್ತಿದ್ದ ಆ ಪುಟ್ಟ ಪ್ರಪಂಚದ ದೊಡ್ಡ ರೂಪ ಅಲ್ಲಿದೆ. ಮೆಕ್ಸಿಕೊದ ಊರೊಂದರ ಚೌಕದಲ್ಲಿ ನೂರಾರು ಮಣ್ಣಿನ ಜನ ಸೇರಿದ್ದಾರೆ. ಒಂದು ಕಡೆ ಸ್ವರ್ಗ, ಇನ್ನೊಂದು ಕಡೆ ನರಕ. ಕೆಲವು ದೃಶ್ಯಗಳನ್ನು ಬಗ್ಗಿ ನೋಡಬೇಕು, ಕೆಲವನ್ನು ಕತ್ತೆತ್ತಿ. ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ನಿಲ್ಲಿಸಿದರೆ ಅದು ಸಾಯುತ್ತದೆ, ಅದರದೇ ಎನ್ನುವಂಥ ಲೋಕದೊಳಗೆ ಬಿಟ್ಟರೆ ಜೀವ ಬರುತ್ತದೆ ಎಂಬುದು ಗಿರಾರ್ಡನ ನಂಬಿಕೆಯಾಗಿತ್ತು.

ಆ ನಂಬಿಕೆಯ ಇನ್ನೊಂದು ಮುಖ: ವಸ್ತುಗಳ ಪಕ್ಕ ಚೀಟಿಯಿಲ್ಲ. ಇದು ಯಾವ ದೇಶದ್ದು, ಯಾವ ಕಾಲದ್ದು ಎಂದು ಗೋಡೆಯ ಮೇಲೆ ಹುಡುಕಿದರೆ ಸಿಗುವುದಿಲ್ಲ. ಬೇಕಿದ್ದವರು ಕೈಪಿಡಿ ಹಿಡಿದು ಸಂಖ್ಯೆ ನೋಡಿಕೊಳ್ಳಬೇಕು. ಮೊದಲು ಕಣ್ತುಂಬ ನೋಡಿ, ಆಮೇಲೆ ಓದಿ ಎಂಬ ಉದ್ದೇಶ. ನೋಡುವ ಸುಖದ ಮಟ್ಟಿಗೆ ಇದು ಸರಿಯಾದ ನಿರ್ಧಾರವೇ. ನಮ್ಮ ಮ್ಯೂಸಿಯಂಗಳಲ್ಲಿ ಜನ ಚೀಟಿ ಓದಿ, ಶಿಲ್ಪದ ಕಡೆ ಅರೆಗಣ್ಣು ಹಾಯಿಸಿ, ಮುಂದಿನ ಚೀಟಿಗೆ ಹೋಗುವುದನ್ನು ನೋಡಿದವರಿಗೆ ಗಿರಾರ್ಡನ ಸಿಟ್ಟು ಅರ್ಥವಾಗುತ್ತದೆ.

ಆದರೆ ಚೀಟಿಯ ಜೊತೆ ಇನ್ನೂ ಒಂದು ಸಂಗತಿ ಹೋಗುತ್ತದೆ. ಮಾಡಿದವರ ಹೆಸರು. ಲಾ ಫೋಂಡಾದ ಬೆಂಕಿಪೊಟ್ಟಣ ಗಿರಾರ್ಡನದು ಎಂದು ಜಗತ್ತಿಗೇ ಗೊತ್ತು. ಆ ಸೂರ್ಯನ ಮೀಸೆಗೆ ಸ್ಫೂರ್ತಿಯಾದ ಮಣ್ಣಿನ ಸೂರ್ಯನನ್ನು ತಟ್ಟಿದ ಕುಂಬಾರ ಯಾರೆಂದು ಎಷ್ಟು ಜನರಿಗೆ ಗೊತ್ತು? ಗಿರಾರ್ಡನೊಬ್ಬನ ಮೇಲೆ ಹೊರಿಸುವ ದೋಷವಲ್ಲ ಇದು. ಇಪ್ಪತ್ತನೆಯ ಶತಮಾನದ ವಿನ್ಯಾಸಕರು ಜಾನಪದ ಕಲೆಯನ್ನು ‘ಕಂಡುಹಿಡಿದ’ ಬಗೆಯೇ ಹಾಗಿತ್ತು. ಕಂಡವನ ಹೆಸರು ಉಳಿಯಿತು, ಮಾಡಿದವನದು ಉಳಿಯಲಿಲ್ಲ.

ನಮ್ಮಲ್ಲಿ ಇದನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಕರಾವಳಿಯ ಹೆಣ್ಣುಮಗಳೊಬ್ಬರಿದ್ದರು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಮೊದಲ ಅಧ್ಯಕ್ಷೆಯಾದರು. ಅಂದರೆ ಗಿರಾರ್ಡ್ ನ್ಯೂಯಾರ್ಕಿನಲ್ಲಿ ಸೀರೆ ಇಳಿಬಿಡುವ ಮೂರು ವರ್ಷ ಮೊದಲು. ಅವರು ದೇಶವೆಲ್ಲ ತಿರುಗಿದ್ದು ವಸ್ತುಗಳಿಗಾಗಿ ಎಷ್ಟೋ, ಕೈಗಳಿಗಾಗಿಯೂ ಅಷ್ಟೇ. ಕುಶಲಕರ್ಮಿಗಳಿಗೆ ಅವರವರ ಹೆಸರಿನಲ್ಲೇ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ 1965ರಲ್ಲಿ ಬಂತು. ಆದರೂ ಕೊರತೆ ಪೂರ್ತಿ ನೀಗಿಲ್ಲ. ಚನ್ನಪಟ್ಟಣದ ಆಟಿಕೆಗೆ, ಕಿನ್ನಾಳದ ಬೊಂಬೆಗೆ, ಬೀದರಿನ ಬಿದ್ರಿಗೆ ಇವತ್ತು ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಅದು ಊರಿನ ಹೆಸರನ್ನು ಕಾಪಾಡುತ್ತದೆ. ತಿರುಗಣಿಗೆ ಮರ ಕಟ್ಟಿ ಅರಗು ಬಳಿದವರ ಹೆಸರು ಪೆಟ್ಟಿಗೆಯ ಮೇಲೆ ಕಾಣುವುದು ಈಗಲೂ ಅಪರೂಪ.

ಮತ್ತೆ 1955ಕ್ಕೆ ಬರೋಣ. ಆ ಪ್ರದರ್ಶನವನ್ನು ಹನ್ನೊಂದು ನಿಮಿಷದ ಕಿರುಚಿತ್ರವಾಗಿ ಹಿಡಿದಿಟ್ಟವರು ಗಿರಾರ್ಡನ ಜೀವದ ಗೆಳೆಯರಾದ ಚಾರ್ಲ್ಸ್ ಮತ್ತು ರೇ ಈಮ್ಸ್. ಗಿರಾರ್ಡ್ ಮತ್ತು ಚಾರ್ಲ್ಸ್ ಪರಿಚಯವಾದದ್ದು ಗಿರಾರ್ಡ್ ಡೆಟ್ರಾಯಿಟ್‌ನಲ್ಲಿದ್ದ ಕಾಲದಲ್ಲಿ, ಇಬ್ಬರೂ ರೇಡಿಯೊ ಪೆಟ್ಟಿಗೆಗಳನ್ನು ವಿನ್ಯಾಸ ಮಾಡುತ್ತಿದ್ದಾಗ. ಪ್ಲೈವುಡ್ಡನ್ನು ಬಾಗಿಸಿ ಮಾಡಿದ ಕುರ್ಚಿಗಳಿಂದ ಈಮ್ಸ್ ದಂಪತಿ ಆಗಲೇ ಹೆಸರಾಗಿದ್ದರು. ಆ ಕಿರುಚಿತ್ರಕ್ಕೆ ಅಲಿ ಅಕ್ಬರ್ ಖಾನರ ಸಂಗೀತ, ವಿವರಣೆಯ ದನಿಗಳಲ್ಲಿ ಒಂದು ಪುಪುಲ್ ಜಯಕರ್ ಅವರದು. ಕೈಮಗ್ಗದ ಕೆಲಸದಲ್ಲಿ ತೊಡಗಿದ್ದ, ಸರ್ಕಾರದೊಳಗೆ ಮಾತು ನಡೆಯುತ್ತಿದ್ದ ಜಯಕರ್ ಅಲ್ಲಿ ಚಾರ್ಲ್ಸ್ ಅವರನ್ನು ಕಂಡು ಮಾತಾಡಿಸಿದ್ದು ಮುಂದಿನ ಕತೆಗೆ ಕಾರಣವಾಯಿತು. ಫೋರ್ಡ್ ಫೌಂಡೇಶನ್ ಖರ್ಚು ಹೊತ್ತಿತು, ಭಾರತ ಸರ್ಕಾರ ಕರೆಯಿತು, ಗಂಡಹೆಂಡತಿ ಬಂದು ಮೂರು ತಿಂಗಳು ದೇಶ ಸುತ್ತಿದರು. 1958ರ ಏಪ್ರಿಲ್‌ನಲ್ಲಿ ಅವರು ಕೊಟ್ಟದ್ದೇ ‘ಇಂಡಿಯಾ ರಿಪೋರ್ಟ್’.

ಸರ್ಕಾರಿ ವರದಿ ಎಂದಾಗ ಕಣ್ಣೆದುರು ಬರುವ ಯಾವ ಲಕ್ಷಣವೂ ಅದಕ್ಕಿಲ್ಲ. ಶುರುವಾಗುವುದೇ ಭಗವದ್ಗೀತೆಯ ಕರ್ಮದ ಮಾತಿನಿಂದ. ಸರ್ಕಾರ ಕೇಳಿದ್ದು ಸಣ್ಣ ಕೈಗಾರಿಕೆಗಳಿಗೆ ನೆರವಾಗುವ, ದಿನಬಳಕೆಯ ಸಾಮಾನುಗಳ ಗುಣಮಟ್ಟ ಕುಸಿಯುವುದನ್ನು ತಡೆಯುವ ಡಿಸೈನ್ ತರಬೇತಿಯ ಯೋಜನೆ. ಅದಕ್ಕೆ ಉತ್ತರ ಬರೆಯುತ್ತ ಈಮ್ಸ್ ದಂಪತಿ, ಈ ಪ್ರವಾಸದಲ್ಲಿ ಕಂಡ ಎಲ್ಲ ವಸ್ತುಗಳಲ್ಲಿ ಬಹುಶಃ ಅತಿ ಶ್ರೇಷ್ಠ, ಅತಿ ಸುಂದರ ವಸ್ತು ಇದು ಎಂದು ಒಂದನ್ನು ಎತ್ತಿ ತೋರಿಸಿದರು. ತಾಜಮಹಲಿನ ಅಮೃತಶಿಲೆಯ ಜಾಲಂಧ್ರವಲ್ಲ, ಚೋಳರ ಕಂಚಲ್ಲ. ಚೊಂಬು!

ಅದನ್ನು ಹೊಗಳಿ ಸುಮ್ಮನಾಗಿದ್ದರೆ ಪ್ರವಾಸಿಯ ಮೆಚ್ಚುಗೆಯಾಗುತ್ತಿತ್ತು. ಅವರು ಮಾಡಿದ್ದು ಬೇರೆ. ಇಂದು ಯಾರಾದರೂ ಚೊಂಬನ್ನು ಹೊಸದಾಗಿ ವಿನ್ಯಾಸ ಮಾಡಲು ಕೂತರೆ ಏನೇನು ಯೋಚಿಸಬೇಕಾದೀತು ಎಂದು ಪಟ್ಟಿ ಮಾಡಿದರು. ಎಷ್ಟು ನೀರು ಹಿಡಿಯಬೇಕು. ಎತ್ತುವುದು ಹೆಂಗಸೋ ಗಂಡಸೋ, ಆ ಕೈಯ ಅಳತೆ, ಬಲ ಎಷ್ಟು. ತಲೆಯ ಮೇಲೊ, ಸೊಂಟದ ಮೇಲೊ, ಗಾಡಿಯಲ್ಲೊ ಹೊರುವುದು. ತುಂಬಿದಾಗ, ಬರಿದಾದಾಗ, ಬಗ್ಗಿಸಿದಾಗ ಭಾರ ಎಲ್ಲಿ ಕೂರುತ್ತದೆ. ಕತ್ತು ಎಷ್ಟು ಕಿರಿದಾಗಿದ್ದರೆ ನೀರು ತುಳುಕುವುದಿಲ್ಲ, ಎಷ್ಟು ಅಗಲವಿದ್ದರೆ ಕೈ ಹಾಕಿ ಉಜ್ಜಲು ಬರುತ್ತದೆ. ಬಿಸಿ ಹಾಕಿದರೆ ಹಿಡಿಯಲಾಗುತ್ತದೆಯೇ. ಕಣ್ಣು ಮುಚ್ಚಿ ಮುಟ್ಟಿದರೆ ಹೇಗಿರುತ್ತದೆ. ನೆಲಕ್ಕೆ ತಾಗಿದರೆ ಎಂಥ ಸದ್ದು. ಬಿಸಿಲು ಬಿದ್ದರೆ ಹೇಗೆ ಹೊಳೆಯುತ್ತದೆ. ಬೆಲೆ ಎಷ್ಟು, ಗುಜರಿಗೆ ಹಾಕಿದರೆ ಎಷ್ಟು ಹುಟ್ಟುತ್ತದೆ. ಕೊಡಲು, ಮಾರಲು, ತನ್ನದೆಂದು ಇಟ್ಟುಕೊಳ್ಳಲು ಮನಸ್ಸಿಗೆ ಏನೆನಿಸುತ್ತದೆ. ಒಬ್ಬ ಮನುಷ್ಯ ಒಂದು ಜೀವಮಾನದಲ್ಲಿ ಕೂತು ಇಷ್ಟನ್ನೂ ತೂಗಿ ಚೊಂಬು ಮಾಡಲಾರ. ತಲೆಮಾರುಗಳು ಸೇರಿ ಮಾಡಿದ್ದು ಅದು.

ಇದನ್ನು ಓದಿದ ಕನ್ನಡಿಗರಿಗೆ ಒಂದೆರಡು ಸಾಲು ಸೇರಿಸಬೇಕೆನಿಸುವುದು ಸಹಜ. ಕತ್ತಿನ ಸುತ್ತ ಮಾವಿನೆಲೆ ನಿಲ್ಲಿಸಿ ಮೇಲೊಂದು ತೆಂಗಿನಕಾಯಿ ಕೂರಿಸಿದರೆ ಅಲ್ಲಾಡದೆ ಕಲಶವಾಗಬೇಕು ಎಂಬ ಷರತ್ತು ಆ ಪಟ್ಟಿಯಲ್ಲಿ ಇರಬೇಕಿತ್ತು. ಹಿತ್ತಾಳೆ ಹೋಗಿ ಸ್ಟೀಲು ಬಂದರೂ ಚೊಂಬಿನ ಕತ್ತು ಹಾಗೇ ಉಳಿದದ್ದಕ್ಕೆ ಅದೂ ಒಂದು ಕಾರಣವಿದ್ದೀತು. ನಲ್ಲಿಯ ಮುಂದೆ ಸಾಲುಗಟ್ಟುವ ಪ್ಲಾಸ್ಟಿಕ್ ಕೊಡಗಳನ್ನೇ ನೋಡಿ. ಅಚ್ಚಿನಲ್ಲಿ ಯಾವ ಆಕಾರವನ್ನಾದರೂ ಸುರಿಯಬಹುದಿತ್ತು. ಸುರಿದದ್ದು ಸೊಂಟದ ಮೇಲೆ ಕೂರುವ ಅದೇ ಹಳೆಯ ಬಿಂದಿಗೆಯ ಆಕಾರವನ್ನು. ಇನ್ನು ಚೊಂಬಿನ ಚಿತ್ರಕ್ಕಿರುವ ಬಲವನ್ನು ನಮ್ಮ ರಾಜಕಾರಣಿಗಳೂ ಬಲ್ಲರು. 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ ಪತ್ರಿಕೆಗಳಲ್ಲಿ ಬಂದ ಚೊಂಬಿನ ಜಾಹೀರಾತಿಗೆ ಯಾರೂ ಟಿಪ್ಪಣಿ ಕೇಳಲಿಲ್ಲ.

ಚಾರ್ಲ್ಸ್ ಈಮ್ಸ್ ಭಾರತದಿಂದ ಒಯ್ದ ಇನ್ನೊಂದು ವಸ್ತು ಬಾಳೆಎಲೆ. 1970-71ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ನಾರ್ಟನ್ ಉಪನ್ಯಾಸಗಳಲ್ಲಿ ಅವರು ಒಂದು ಕತೆ ಹೇಳಿದರು. ದಕ್ಷಿಣ ಭಾರತದಲ್ಲಿ ತೀರ ಬಡವರು, ಕೆಳಜಾತಿಯವರು ಬಾಳೆಎಲೆಯ ಮೇಲೆ ಉಣ್ಣುತ್ತಾರೆ. ಅವರಿಗಿಂತ ಸ್ವಲ್ಪ ಮೇಲಿನವರಿಗೆ ಮಣ್ಣಿನ ತಟ್ಟೆ, ಆಮೇಲೆ ಹಿತ್ತಾಳೆ, ಕಂಚು, ಬೆಳ್ಳಿ. ಹಣ ಇನ್ನೂ ಹೆಚ್ಚಿದರೆ ಚಿನ್ನ. ಅದಕ್ಕೂ ಮೇಲೊಬ್ಬನಿದ್ದಾನೆ, ಅವನಿಗೆ ಹಣದ ಜೊತೆ ತಿಳಿವಳಿಕೆಯೂ ಇದೆ. ಅವನು ಮತ್ತೆ ಬಾಳೆಎಲೆಗೆ ಬರುತ್ತಾನೆ. ಡಿಸೈನ್ ಶಾಲೆಗಳಲ್ಲಿ ಈ ಕತೆ ಬಹಳ ಜನಪ್ರಿಯ. 1972ರಲ್ಲಿ ಬಾಳೆಎಲೆಯ ಹೆಸರಿನಲ್ಲೇ ಕಿರುಚಿತ್ರವೂ ಆಯಿತು.

ಕತೆ ಚೆನ್ನಾಗಿದೆ, ಆದರೆ ಏಣಿ ಸುಳ್ಳು. ನಮ್ಮಲ್ಲಿ ಬಾಳೆಎಲೆ ಯಾವತ್ತೂ ಏಣಿಯ ಕೆಳಮೆಟ್ಟಿಲಲ್ಲಿ ಇರಲೇ ಇಲ್ಲ. ಮಠದ ಪಂಕ್ತಿಗೂ ಅದೇ, ಶ್ರೀಮಂತರ ಮದುವೆಗೂ ಅದೇ, ತಿಥಿಯೂಟಕ್ಕೂ ಅದೇ. ತೋಟವಿಲ್ಲದ ಬಯಲುಸೀಮೆಯ ಬಡವನಿಗೆ ದಿನಕ್ಕೆ ಮೂರು ಹೊತ್ತು ಬಾಳೆಎಲೆ ಎಲ್ಲಿಂದ ಬರಬೇಕು? ಅವನದು ಮುತ್ತುಗದ ಎಲೆ, ಅಲ್ಯುಮಿನಿಯಂ ತಟ್ಟೆ. ಬಡವ-ಬಲ್ಲಿದ ಭೇದ ಇದ್ದದ್ದು ಎಲೆಯ ಜಾತಿಯಲ್ಲಲ್ಲ, ಯಾರ ಪಕ್ಕ ಯಾರ ಎಲೆ ಹಾಕುತ್ತಾರೆ ಎಂಬುದರಲ್ಲಿ. ಪಂಕ್ತಿಭೇದದ ವಿರುದ್ಧ ಕರಾವಳಿಯಲ್ಲಿ ನಡೆದ ಜಗಳಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂರು ತಿಂಗಳ ಅತಿಥಿಗೆ ಎಲೆ ಕಂಡಿತು, ಪಂಕ್ತಿ ಕಾಣಲಿಲ್ಲ. ಹಾಗೆಂದು ಚಾರ್ಲ್ಸ್ ಎಲೆಯಲ್ಲಿ ಕಂಡ ಗುಣಗಳೇನೂ ಸುಳ್ಳಾಗುವುದಿಲ್ಲ. ತೊಳೆಯುವ ಕೆಲಸವಿಲ್ಲ, ಉಂಡು ಮಡಿಸಿ ಎಸೆದರೆ ದನ ತಿನ್ನುತ್ತದೆ, ತುದಿ ಯಾವ ಕಡೆಗಿರಬೇಕೆಂಬುದರಿಂದ ಹಿಡಿದು ಉಪ್ಪು ಎಲ್ಲಿ, ಕೋಸಂಬರಿ ಎಲ್ಲಿ, ಪಾಯಸ ಎಲ್ಲಿ ಎಂಬುದರವರೆಗೆ ಅದರ ಮೇಲೊಂದು ನಕಾಶೆಯೇ ಇದೆ. ಆ ನಕಾಶೆ ಗಿರಾರ್ಡನಿಗೆ ಸಿಕ್ಕಿದ್ದರೆ ಒಂದು ಗೋಡೆ ತುಂಬ ಬರೆದಿರುತ್ತಿದ್ದ.

ಗಿರಾರ್ಡ್ 1993ರಲ್ಲಿ ಸಾಂಟಾ ಫೆಯಲ್ಲೇ ತೀರಿಕೊಂಡ. ಅವನ ರೇಖಾಚಿತ್ರ, ಬಟ್ಟೆ, ಪತ್ರಗಳ ದೊಡ್ಡ ಭಾಗ ಜರ್ಮನಿಯ ವಿಟ್ರಾ ಡಿಸೈನ್ ಮ್ಯೂಸಿಯಂ ಸೇರಿದೆ. ಅವನು ತನ್ನ ಮನೆಗೆಂದು 1950ರ ದಶಕದಲ್ಲಿ ಕೆತ್ತಿ ಬಣ್ಣ ಬಳಿದ ಮರದ ಬೊಂಬೆಗಳನ್ನು ವಿಟ್ರಾ ಕಂಪನಿ ಈಗ ತಯಾರಿಸಿ ಮಾರುತ್ತದೆ. ಸಂತೆಯ ಅಗ್ಗದ ಬೊಂಬೆಗಳಿಂದ ಕಲಿತು ಮಾಡಿದ ಅವು ಇವತ್ತು ಅಗ್ಗವೇನಲ್ಲ. ಚಾರ್ಲ್ಸ್ 1978ರ ಆಗಸ್ಟ್ 21ರಂದು ಹೋದರು. ಸರಿಯಾಗಿ ಹತ್ತು ವರ್ಷಕ್ಕೆ, ಅದೇ ದಿನ, ರೇ.

‘ಇಂಡಿಯಾ ರಿಪೋರ್ಟ್’ ಕಪಾಟಿನಲ್ಲಿ ಧೂಳು ಹಿಡಿಯಲಿಲ್ಲ. 1961ರಲ್ಲಿ ಅಹಮದಾಬಾದಿನಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್ ಶುರುವಾಯಿತು. ಗೌತಮ್ ಮತ್ತು ಗಿರಾ ಸಾರಾಭಾಯ್ ಅದನ್ನು ಕಟ್ಟಿದರು. ಈಗ ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಆದರೆ ವಿಚಿತ್ರವೆಂದರೆ, ಆ ವರದಿಯಿಂದ ಎಲ್ಲರೂ ಉದ್ಧರಿಸುವುದು ಚೊಂಬಿನ ಪ್ರಸಂಗವೊಂದನ್ನೇ. ಭಾರತಕ್ಕೆ ಬರುತ್ತಿರುವ ಬದಲಾವಣೆ ಹಿಂದಿನವುಗಳಂತಲ್ಲ, ಸಂಪರ್ಕದ ವೇಗದಿಂದ ಅದರ ಜಾತಿಯೇ ಬೇರೆ, ಸಂಪ್ರದಾಯ ತಾನೇತಾನಾಗಿ ಉತ್ತರ ಕೊಡುತ್ತದೆಂದು ಕಾಯುತ್ತ ಕೂರುವಂತಿಲ್ಲ ಎಂದು ಅವರು ಬರೆದ ಪುಟಗಳಿಗೆ ಓದುಗರು ಕಡಿಮೆ. ಚೊಂಬನ್ನು ಹೊಗಳಿದ್ದು ಅದನ್ನು ಪೂಜೆಗೆ ಇಡಲೆಂದಲ್ಲ, ಬಸ್ಸು, ಅಂಚೆ, ಮನೆಗಳನ್ನು ಅಷ್ಟೇ ಎಚ್ಚರದಿಂದ ಯೋಚಿಸಿ ಮಾಡಿ ಎನ್ನಲು. ವರದಿ ಪುಟ್ಟದು, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಒಂದೇ ಕೂತಿನಲ್ಲಿ ಓದಿ ಮುಗಿಸಬಹುದು. ಓದುವವರು ಚೊಂಬಿನ ಪುಟಕ್ಕೇ ನಿಲ್ಲಿಸದೆ ಮುಂದಕ್ಕೂ ಓದಿ.